ಸ್ಲೈಡಿನಿಂದ ಷಡ್ಡಕನನ್ನು ತೆಗೆದ ಪ್ರಸಂಗ

ಫೋಟೋಗ್ರಫಿ ನನಗೆ ಹೊಸದಲ್ಲ. ಕಾಲೇಜಿನ ಸ್ನೇಹ ಸಮ್ಮೇಳನದಲ್ಲಿ ಗ್ರೂಪ್ ಫೋಟೋ ತೆಗೆದವನು ನಾನೇ. ಅದರಲ್ಲಿ ಪ್ರಿನ್ಸಿಪಾಲರ ತಲೆ ಬಂದಿರಲಿಲ್ಲ ಎಂಬುದು ಬೇರೆ ಮಾತು! ಆದ್ದರಿಂದ ಅಕ್ಕಲಕೋಟದ ಅತ್ತೆಯವರು ನಮ್ಮ ಮದುವೆಯ ಸ್ಲೈಡೊಂದನ್ನು ಹೊರತೆಗೆದಾಗ ನಾನು ಕಿಂಚಿತ್ತೂ ಅಳುಕಲಿಲ್ಲ.

ಸ್ಲೈಡ್ ಎಂದರೆ ರಟ್ಟಿನ ಚೌಕಟ್ಟಿನೊಳಗೆ ಅಂಚೆಚೀಟಿಯಷ್ಟು ಬಣ್ಣದ ಫಿಲ್ಮು. ಬೆಳಕಿಗೆ ಹಿಡಿದರೆ ಮಾತ್ರ ಚಿತ್ರ ಕಾಣುತ್ತದೆ.

"ಇದರದೊಂದು ದೊಡ್ಡ ಫೋಟೋ ಆಗಬೇಕ್ರಿ. ಅವರು ನಕ್ಕದ್ದು ಇದೊಂದರಾಗೇ ಅದ" ಎಂದರು ಅತ್ತೆ. ಅವರು ಎಂದರೆ ತೀರಿಹೋದ ನಮ್ಮ ಮಾವನವರು.

"ಅದೇನ್ ದೊಡ್ಡದು? ಕಿಡಕಿ ಮುಂದ ಹಿಡದು ಮೊಬೈಲ್‌ದಾಗ ಒಂದು ಕ್ಲಿಕ್ ಹೊಡೀರಿ" ಎಂದ ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ, ಅರವಿಂದ.

"ನೋಡ್ರಿ, ದೊಡ್ಡ ಅಳಿಯಂದ್ರ ತಲಿ ಎಷ್ಟ ಓಡ್ತದ!" ಎಂದರು ಅತ್ತೆ.

ಅಷ್ಟು ಸಾಕಾಯಿತು. ಸೋಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ಈ ಮ್ಯಾನೇಜರನ ಹೆಸರು ಅತ್ತೆಯವರ ಬಾಯಲ್ಲಿ ದಿನಕ್ಕೆ ನೂರು ಸಲ. ಕಣ್ಣಿನ ಆಪರೇಷನ್ನಿಗೂ ದೊಡ್ಡ ಅಳಿಯಂದ್ರು, ಮಿಕ್ಸರ್ ರಿಪೇರಿಗೂ ದೊಡ್ಡ ಅಳಿಯಂದ್ರು! ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ? ಒಮ್ಮೆಯಾದರೂ ಆ ಬಾಯಲ್ಲಿ 'ಸಣ್ಣ ಅಳಿಯಂದ್ರು' ಎಂದು ಕೇಳಬೇಕಿತ್ತು. "ಮೊಬೈಲ್ ಗಿಬೈಲ್ ಬ್ಯಾಡ. ಶಾಸ್ತ್ರೋಕ್ತ ನೆಗೆಟಿವ್ ಮಾಡಿ ಪ್ರಿಂಟ್ ತೆಗೆಸ್ತೀನಿ" ಎಂದು ಘೋಷಿಸಿ ಸ್ಲೈಡನ್ನು ಜೇಬಿಗಿಳಿಸಿದೆ.

ಸೋಲಾಪುರಕ್ಕೆ ಬಂದು ಅಟ್ಟದಿಂದ ಹಳೆಯ ಕ್ಯಾಮೆರಾ ಇಳಿಸಿದೆ. ಅದರ ಮುಂದೆ ತಿರುಗಿಸಿ ಕೂಡಿಸುವ ಕೊಳವೆಯೊಂದನ್ನು ಹಳೇ ಬಜಾರಿನಲ್ಲಿ ಹುಡುಕಿ ತಂದೆ. ಕೊಳವೆಯ ತುದಿಗೆ ಸ್ಲೈಡು ಸಿಕ್ಕಿಸಿ, ಬೆಳಕಿಗೆ ಹಿಡಿದು ಗುಂಡಿ ಒತ್ತಿದರೆ ಸ್ಲೈಡಿನ ಚಿತ್ರ ಒಳಗಿನ ರೀಲಿಗೆ ಇಳಿಯುತ್ತದೆ. ಮಹಡಿಯ ಮೇಲೆ ನಿಂತು ಮೂವತ್ತಾರು ಸಲ ಒತ್ತಿದೆ.

"ಕಾಯ್ ಸರ್, ರೀಲ್ ಫಿರಲೀಚ್ ನಾಹೀ! ಒಳಗ ಸಿಕ್ಕೇ ಇಲ್ಲ, ತಿರುಗೇ ಇಲ್ಲರಿ!" ಎಂದ, ನಾನು ರೀಲು ತೊಳೆಯಲು ಕೊಟ್ಟಿದ್ದ ಸ್ಟುಡಿಯೋದವನು. ನಾನು ಮೂವತ್ತಾರು ಸಲ ಗಾಳಿಗೆ ಫೋಟೋ ಹೊಡೆದಿದ್ದೆ.

ಎರಡನೆಯ ರೀಲು ತಿರುಗಿತು. ಆದರೆ ಮಾವನವರ ಧೋತರ ಟ್ಯೂಬ್‌ಲೈಟಿನಂತೆ ಉರಿಯುತ್ತಿತ್ತು, ನಮ್ಮೆಲ್ಲರ ಮುಖಗಳು ರೊಟ್ಟಿ ಹಂಚಿನಂತಿದ್ದವು! ಸ್ಲೈಡಿನಿಂದ ಇಳಿಸಿದರೆ ಕಪ್ಪು ಇನ್ನೂ ಕಪ್ಪಾಗುತ್ತದಂತೆ. ಸ್ಟುಡಿಯೋದವನೇ ಮುಖಗಳಿಗೆ ಹೊಂದುವ, ಕಪ್ಪು-ಬಿಳುಪನ್ನು ಅಷ್ಟು ಗಾಢ ಮಾಡದ 'ಮೆತ್ತನೆಯ' ರೀಲೊಂದನ್ನು ಕೊಟ್ಟ.

ಮೂರನೆಯ ಸಲ ಕೊಳವೆಯೊಳಗೆ ಕಣ್ಣಿಟ್ಟಾಗ ನನಗೊಂದು ದುಷ್ಟ ಯೋಚನೆ ಬಂತು. ಕೊಳವೆಯನ್ನು ತುಸು ಎಳೆದರೆ ಚಿತ್ರ ಹಿಗ್ಗಿ, ಅಂಚು ಹೊರಗುಳಿಯುತ್ತಿತ್ತು. ಮಾವನವರು ಇಬ್ಬರೂ ಹೆಣ್ಣುಮಕ್ಕಳ ಮದುವೆಯನ್ನು ಒಂದೇ ಹಂದರದಲ್ಲಿ ಮಾಡಿದ್ದರು. ನಡುವೆ ಅತ್ತೆ-ಮಾವ, ಅವರ ಆಚೀಚೆ ಒಬ್ಬೊಬ್ಬ ಮದುಮಗಳು, ತುದಿಗಳಲ್ಲಿ ಒಬ್ಬೊಬ್ಬ ಅಳಿಯ. ಅಳಿಯಂದಿರಿಬ್ಬರಿಗೂ ಒಂದೇ ಥಾನಿನ ಬಟ್ಟೆಯ ಸೂಟು, ಮುಖದ ಮೇಲೆ ಬಾಸಿಂಗದ ಹೂವು. ಹೆಣ್ಣುಮಕ್ಕಳಿಗೂ ಅದೇ ಗತಿ, ಒಂದೇ ಬಣ್ಣದ ಸೀರೆ. ಯಾರು ಯಾರೆಂದು ಹೆತ್ತವರೂ ಹೇಳಲಾರರು! ಆದರೆ ನಾನು ಮಾವನವರ ಎಡಗಡೆ ನಿಂತದ್ದು ನನಗೆ ಚೆನ್ನಾಗಿ ನೆನಪಿತ್ತು. ಸ್ಲೈಡನ್ನು ತುಸು ಪಕ್ಕಕ್ಕೆ ಸರಿಸಿ, ಅವರ ಬಲಗಡೆಯ ತುದಿಯಲ್ಲಿದ್ದವನನ್ನು ನಿರ್ದಾಕ್ಷಿಣ್ಯವಾಗಿ ಹೊರಗೆ ಹಾಕಿದೆ. ಅವನ ಹೆಂಡತಿಯನ್ನು ಉಳಿಸಿಕೊಂಡೆ. ಪಾಪ, ಆಕೆ ನಮಗೆ ಪ್ರತಿವರ್ಷ ಶೇಂಗಾ ಹೋಳಿಗೆ ಕಳಿಸುತ್ತಾಳೆ.

"ರೀ, ಭಾವ ಎಲ್ಲಿ?" ಎಂದಳು ಹೆಂಡತಿ ಶೈಲಾ, ಪ್ರಿಂಟು ನೋಡಿ.

"ಮಾವನವರ ಮುಖ ದೊಡ್ಡದಾಗಿ ಬರಲಿ ಅಂತ ತಾಂತ್ರಿಕ ಕಾರಣದಿಂದ ಬಿಡಬೇಕಾತು" ಎಂದೆ ಗಂಭೀರವಾಗಿ.

ಅತ್ತೆಯವರಿಗೆ ಎಪ್ಪತ್ತೈದು ತುಂಬಿದ ದಿನ, ನೆಂಟರಿಷ್ಟರ ಎದುರಿಗೆ, ಕಟ್ಟು ಹಾಕಿಸಿದ ಫೋಟೋ ಅವರ ಕೈಗಿಟ್ಟೆ. ಅವರು ಕನ್ನಡಕ ಏರಿಸಿ ಮಾವನವರ ಮುಖವನ್ನು ಬೆರಳಿನಿಂದ ಸವರಿದರು. ಕಣ್ಣು ತುಂಬಿ ಬಂತು. ನನ್ನ ಎದೆ ಉಬ್ಬಿತು. ಷಡ್ಡಕನ ಕಡೆಗೊಮ್ಮೆ ನೋಡಿದೆ ಕೂಡ!

"ಅಲ್ಲ, ಇವರು ವಾಚು ಬಲಗೈಗೆ ಯಾವಾಗ ಕಟ್ಟಿದ್ರು?" ಎಂದರು ಅತ್ತೆ.

ಶೈಲಾ ಬಗ್ಗಿ ನೋಡಿದಳು. "ಅವ್ವಾ, ನಮ್ಮೆಲ್ಲರ ಸೆರಗೂ ಬಲಗಡಿ ಹೆಗಲ ಮ್ಯಾಲ ಅದ!" ಎಂದವಳೇ ನನ್ನ ಜೇಬಿನಿಂದ ಸ್ಲೈಡು ಕಿತ್ತು ಕಿಟಕಿಗೆ ಹಿಡಿದಳು. ಹಿಂದು ಮುಂದು ಮಾಡಿ ಮತ್ತೆ ಹಿಡಿದಳು. "ರೀ, ಸ್ಲೈಡ್ ಉಲ್ಟಾ ಹಾಕೀರಿ! ಎಡದ್ದು ಬಲಕ್ಕ ಬಂದದ. ನೀವು ತಗದು ಒಗದದ್ದು ಭಾವನ್ನಲ್ಲ, ನಿಮ್ಮನ್ನ!"

ಭಾವನನ್ನು ತೆಗೆಯಲು ಹೊರಟಿದ್ದ ಗುಟ್ಟೂ ಅದರೊಂದಿಗೇ ಹೊರಬಿದ್ದಿತ್ತು.

ಪಕ್ಕದ ಮನೆಯ ಅಜ್ಜಿ ಫೋಟೋದ ಮೇಲೆ ಬೆರಳಿಟ್ಟು, "ಏನವ್ವಾ, ಎರಡೂ ಹೆಣ್ಣಮಕ್ಕಳನ್ನ ಒಬ್ಬನಿಗೇ ಕೊಟ್ಟಿದ್ದಿಯೇನು?" ಎಂದು ಕೇಳಿದಳು.

ಅರವಿಂದ ನನ್ನ ಬೆನ್ನು ತಟ್ಟಿದ. "ನಿಮ್ಮ ಮನಸ್ಸು ಇಷ್ಟ ದೊಡ್ಡದು ಅಂತ ಗೊತ್ತೇ ಇರಲಿಲ್ಲ ಬಿಡ್ರಿ!"

ಬೇರೆ ಮಾಡಿಸಿ ಕೊಡುತ್ತೇನೆಂದು ಅಂಗಲಾಚಿದೆ. "ಬ್ಯಾಡ್ರಿ, ಅವರ ನಗು ಭಾಳ ಛಂದ ಬಂದದ" ಎಂದು ಅತ್ತೆಯವರು ಅದನ್ನೇ ನಡುಮನೆಯಲ್ಲಿ ತೂಗುಹಾಕಿಸಿದರು. ಬಂದವರಿಗೆಲ್ಲ ಅಭಿಮಾನದಿಂದ ತೋರಿಸುತ್ತಾರೆ: "ಇದು ನಮ್ಮ ಸಣ್ಣ ಅಳಿಯಂದ್ರು ಮಾಡಿ ಕೊಟ್ಟದ್ದು."

ನಾನು ಹಂಬಲಿಸಿದ ಮಾತು ಕೊನೆಗೂ ಬಂತು! ಆಮೇಲೆ ಬಂದವರು ಕೇಳುತ್ತಾರೆ, "ಸಣ್ಣ ಅಳಿಯಂದ್ರು ಇದರಾಗ ಎಲ್ಲಿದ್ದಾರ್ರಿ?"

ಅತ್ತೆಯವರು ನನ್ನ ಮಾನ ಉಳಿಸಲು ತಡವರಿಸದೆ ಹೇಳುತ್ತಾರೆ: "ಅವರು ಫೋಟೋ ತಗೀಲಿಕ್ಕೆ ನಿಂತಿದ್ರು."