ಮಾವನ ಜೋಡಿ ನಳಿಗೆ

ನಮ್ಮ ಸೋದರಮಾವನ ಹತ್ತಿರ ಒಂದು ಕೋವಿ ಇದೆ ಅಂದರೆ ಗೋವಿಂದರಾಜನಗರದಲ್ಲಿ ಅವರನ್ನು ಬಲ್ಲ ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ. ಎರಡನೇ ಸಲ ಹೇಳಿದರೆ ನಂಬುತ್ತಾರೆ. ನಂಬಿದ ಕೂಡಲೇ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ!

ಅವರ ತಪ್ಪೇನಿಲ್ಲ ಬಿಡಿ. ನಮ್ಮ ಮಾವ ಕುಕ್ಕರ್ ಕೂಗುವ ಮುಂಚೆಯೇ ಅಡುಗೆಮನೆ ಬಿಟ್ಟು ವರಾಂಡಕ್ಕೆ ಬಂದು ನಿಲ್ಲುವವರು. ತೆಂಗಿನಮರ ಕಂಡರೆ ರಸ್ತೆ ದಾಟುವವರು. ಮೂವತ್ತೈದು ವರ್ಷ ಒಂದು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಗುಮಾಸ್ತರಾಗಿದ್ದರು. ಯಾರು ಯಾರು ಹೇಗೆ ಹೇಗೆ ಸತ್ತರು ಅನ್ನುವ ಕಾಗದಗಳನ್ನೇ ಓದಿ ಓದಿ, ಈ ಭೂಮಿಯ ಮೇಲೆ ಮನುಷ್ಯನನ್ನು ಕೊಲ್ಲದೇ ಇರುವ ವಸ್ತು ಒಂದೂ ಇಲ್ಲ ಅನ್ನುವ ತೀರ್ಮಾನಕ್ಕೆ ಬಂದುಬಿಟ್ಟಿದ್ದಾರೆ. ನಾನು ಗೀಸರ್ ಹಾಕಿದರೆ, "ಗೀಸರ್‌ದು ಒಂದು ಕ್ಲೇಮು ಬಂದಿತ್ತು ಕಣೋ" ಅನ್ನುತ್ತಾರೆ. ಹಲಸಿನಹಣ್ಣು ತಂದರೆ ಹಲಸಿನಹಣ್ಣಿನದೂ ಒಂದು ಕ್ಲೇಮು ಬಂದಿರುತ್ತದೆ. ಹೇಗೆ ಅಂತ ನಾನು ಕೇಳಿಲ್ಲ. ನನಗೆ ಹಲಸು ಇಷ್ಟ.

ಇಂಥವರು ಒಂದು ಭಾನುವಾರ ಹಳೇ ಸಹೋದ್ಯೋಗಿಗಳ ಜೊತೆ ಕೆಂಗೇರಿ ಆಚೆಯ ಒಂದು ಶೂಟಿಂಗ್ ಕ್ಲಬ್ಬಿಗೆ ಹೋದರು. ಊಟ ಚೆನ್ನಾಗಿರುತ್ತದೆ ಅಂತ ಯಾರೋ ಹೇಳಿದ್ದರಂತೆ. ಅಲ್ಲಿನ ಆಟದ ಹೆಸರು ಟ್ರಾಪ್. ನೆಲದೊಳಗಿನ ಒಂದು ಗುಂಡಿಯಿಂದ ಯಂತ್ರವೊಂದು ಅಂಗೈಯಗಲದ ಮಣ್ಣಿನ ತಟ್ಟೆಯನ್ನು ಆಕಾಶಕ್ಕೆ ಎಸೆಯುತ್ತದೆ. ಅದು ದೂರ ಹಾರಿಹೋಗುವಷ್ಟರಲ್ಲಿ ಕೋವಿಯಿಂದ ಹೊಡೆದು ಒಡೆಯಬೇಕು. ಎಲ್ಲರೂ ಒತ್ತಾಯ ಮಾಡಿ ಮಾವನ ಕೈಗೂ ಕ್ಲಬ್ಬಿನ ಕೋವಿ ಕೊಟ್ಟರು. ಮಾವ ಎರಡೂ ಕಣ್ಣು ಮುಚ್ಚಿಕೊಂಡು, ಮನೆದೇವರನ್ನು ನೆನೆದು, ಟ್ರಿಗರ್ ಒತ್ತಿದರು.

ಅರ್ಧ ಗಂಟೆಯಲ್ಲಿ ನನಗೆ ಫೋನ್ ಬಂತು.

"ಒಡೀತು ಕಣೋ!"

"ಏನ್ ಒಡೀತು ಮಾವ? ಎಲ್ಲಿ ಬಿದ್ರಿ? ಯಾವ ಆಸ್ಪತ್ರೆ?"

"ತಟ್ಟೆ ಕಣೋ! ಪುಡಿಪುಡಿ!"

ಅವತ್ತಿನಿಂದ ಶುರುವಾಯಿತು. ತಿಂಗಳಿಗೊಮ್ಮೆ ಹೋಗಿ ಹೊಡೆಯುವುದಕ್ಕೆ ಒಂದು ಸ್ವಂತ ಕೋವಿ ಬೇಕು, ಕೈಗೆಟುಕುವ ಬೆಲೆಯದ್ದು. ನಾನು ಗಾಬರಿಯಿಂದ ರಾಜಾಜಿನಗರದ ನನ್ನ ಕನ್ನಡಕದ ಅಂಗಡಿ ಮುಚ್ಚಿಕೊಂಡು ಅವರ ಮನೆಗೆ ಓಡಿದೆ. ಅತ್ತೆ ನಿಧಾನವಾಗಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಅತ್ತೆ, ನೀವಾದ್ರೂ ಹೇಳಬಾರದಾ?"

"ತರ್ಲಿ ಬಿಡೋ. ಇಷ್ಟು ವರ್ಷ ಜಿರಳೆ ಹೊಡೆಯೋಕೂ ನನ್ನನ್ನೇ ಕರೀತಾ ಇದ್ರು."

ಕೋವಿಗಿಂತ ಮೊದಲು ಲೈಸೆನ್ಸ್ ಆಗಬೇಕಲ್ಲ! ಅರ್ಜಿ, ವೈದ್ಯರ ಸರ್ಟಿಫಿಕೇಟು, ತರಬೇತಿಯ ಸರ್ಟಿಫಿಕೇಟು, ಕೊನೆಗೆ ಪೊಲೀಸರ ವಿಚಾರಣೆ. ಠಾಣೆಯಲ್ಲಿ ಮಾವನ ಪಕ್ಕ ನಾನೂ ಕೂತಿದ್ದೆ. ಇಬ್ಬರ ಮೊಣಕಾಲೂ ಒಂದೇ ತಾಳದಲ್ಲಿ ಕುಣಿಯುತ್ತಿದ್ದವು.

"ಯಾಕೆ ಬೇಕು ಕೋವಿ?" ಅಂದರು ಇನ್ಸ್‌ಪೆಕ್ಟರು.

"ತಟ್ಟೆ ಒಡೆಯೋಕೆ ಸಾರ್."

"ಮನೇಲೇ ಒಡೀಬಹುದಲ್ರೀ?"

"ಹೆಂಡ್ತಿ ಬಿಡಲ್ಲ ಸಾರ್."

ಇನ್ಸ್‌ಪೆಕ್ಟರು ನಗಲಿಲ್ಲ. ಬರೆದುಕೊಂಡರು! ಅದನ್ನು ನೋಡಿ ನನಗೆ ಬೆವರಿಳಿಯಿತು. ಹೆಂಡತಿಯ ಹೆಸರು ಕೋವಿಯ ಅರ್ಜಿಯಲ್ಲಿ ಯಾವ ಸಾಲಿನಲ್ಲಿ ಸೇರಿತೋ ಏನೋ!

ಮುಂದಿನ ವಾರ ಕಾನ್‌ಸ್ಟೇಬಲ್ ಒಬ್ಬರು ಅಕ್ಕಪಕ್ಕದಲ್ಲಿ ವಿಚಾರಿಸಲು ಬಂದಾಗ ಮಾವ ತಾರಸಿಯ ಮೇಲೆ ನೆಲ ಒರೆಸುವ ಕೋಲನ್ನು ಭುಜಕ್ಕೆ ಆನಿಸಿಕೊಂಡು, ಪಾರಿವಾಳಗಳ ಕಡೆ ಗುರಿಯಿಟ್ಟು, "ಢಂ" ಅನ್ನುತ್ತಿದ್ದರು. ಪಾರಿವಾಳಗಳೂ ಹಾರಲಿಲ್ಲ ಅನ್ನಿ. ಎದುರುಮನೆ ಆಂಟಿ ಕಾನ್‌ಸ್ಟೇಬಲ್‌ಗೆ, "ತುಂಬಾ ಸಾಧು ಮನುಷ್ಯರು ಸಾರ್, ಯಾರ ಜೊತೆನೂ ಜಗಳ ಇಲ್ಲ" ಅಂದರು. ಅಂದವರು ಅವತ್ತು ಸಂಜೆಯೇ ಮಾವನ ಗೇಟಿಗೆ ಅಡ್ಡ ನಿಲ್ಲಿಸುತ್ತಿದ್ದ ತಮ್ಮ ಕಾರನ್ನು ತೆಗೆಸಿದರು. ನಾಲ್ಕು ವರ್ಷದಿಂದ ಕೇಳಿಕೊಂಡರೂ ತೆಗೆಸದಿದ್ದ ಕಾರು!

ತಿಂಗಳುಗಟ್ಟಲೆ ಅಲೆದ ಮೇಲೆ ಲೈಸೆನ್ಸ್ ಬಂತು. ಬರಲಾರದು ಅಂತ ನಾನು ನಂಬಿಕೊಂಡಿದ್ದೆ. ಬಂದೇಬಿಟ್ಟಿತು.

ನಾವು ಹೋದ ಪೇಟೆಯ ಕೋವಿ ಅಂಗಡಿಯಲ್ಲಿ ಒಬ್ಬರು ಬಿಳಿ ಗಡ್ಡದ ಸಾಹೇಬರು ಕೂತಿದ್ದರು. ಗೋಡೆ ತುಂಬಾ ಕೋವಿ. ಮಾವ ಒಳಗೆ ಕಾಲಿಡುವ ಮುಂಚೆಯೇ ಕೇಳಿದರು:

"ಇವೆಲ್ಲಾ ಲೋಡ್ ಆಗಿದೆಯಾ?"

"ಇಲ್ಲಾ ಸಾಬ್, ಖಾಲಿ."

"ಅದು?"

"ಅದು ಛತ್ರಿ ಸಾಬ್."

ಸಾಹೇಬರು ತಾಳ್ಮೆಯ ಮನುಷ್ಯ. ಮೊದಲು ಒಂಟಿ ನಳಿಗೆಯ ಕೋವಿ ತೋರಿಸಿದರು. ಅಗ್ಗ, ಹಗುರ. ಮಾವನ ಮುಖ ಅರಳಿತು. "ಹಗುರ ಇದ್ದಷ್ಟೂ ಜಾಸ್ತಿ ಒದೆಯುತ್ತೆ ಸಾಬ್. ನಾಲ್ಕು ಹೊಡೆಯೋಷ್ಟರಲ್ಲಿ ಭುಜ ಊದಿಕೊಳ್ಳುತ್ತೆ." ಮಾವನ ಮುಖ ಮುದುಡಿತು. ಆಮೇಲೆ ಅಕ್ಕಪಕ್ಕ ಎರಡು ನಳಿಗೆ ಇರುವುದು ಬಂತು. ಗಟ್ಟಿಮುಟ್ಟಾಗಿತ್ತು, ಬೆಲೆಯೂ ಪರವಾಗಿಲ್ಲ. ಆದರೆ ಹಾರುವ ತಟ್ಟೆಗೆ ಒಂದರ ಮೇಲೊಂದು ನಳಿಗೆ ಇದ್ದರೆ ಕಣ್ಣಿಗೆ ಗೆರೆ ನೇರವಾಗಿ ಸಿಗುತ್ತದಂತೆ. ಅಂಥದ್ದು ಹೊಸದು, ವಿದೇಶದ್ದು, ಎಷ್ಟು ಅಂತ ಕೇಳಿದ ಮಾವ, ಉತ್ತರ ಬಂದ ಮೇಲೆ ಕೂರಲು ಕುರ್ಚಿ ಕೇಳಿದರು.

"ಅಪರೂಪಕ್ಕೆ ಹೊಡೆಯೋರಿಗೆ ಹೊಸದು ಯಾಕೆ? ಕೋವಿ ನೋಡಬೇಡಿ, ನಿಮ್ಮ ಭುಜ ನೋಡಿ ಸಾಬ್. ಕೆನ್ನೆ ಆನಿಸಿದಾಗ ಕಣ್ಣು ತಾನಾಗೇ ನಳಿಗೆ ಮೇಲೆ ಕೂರಬೇಕು" ಅಂತ ಹೇಳಿ ಸಾಹೇಬರು ಒಳಗಿನಿಂದ ಮೇಲೊಂದು ಕೆಳಗೊಂದು ನಳಿಗೆಯ ಹಳೇ ಕೋವಿ ತಂದರು. ಹಾಸನದ ಕಡೆಯ ಒಬ್ಬ ವಯಸ್ಸಾದ ಡಾಕ್ಟರು ಮಾರಲು ಬಿಟ್ಟಿದ್ದಂತೆ. ಅದನ್ನು ನಡುವಿನ ಕೀಲಿನಲ್ಲಿ ಮುರಿದು ತೆರೆದು, ಖಾಲಿ ನಳಿಗೆಯಲ್ಲಿ ಬೆಳಕು ತೋರಿಸಿ ಕೊಟ್ಟರು.

ಮಾವ ಅದನ್ನು ಭುಜಕ್ಕೆ ಆನಿಸಿ, "ಸರಿಯಾಗಿದೆಯೇನೋ?" ಅಂತ ಕೇಳಲು ನನ್ನ ಕಡೆ ತಿರುಗಿದರು. ನಳಿಗೆಯೂ ಜೊತೆಗೇ ತಿರುಗಿತು! ನಾನು ಬೀರುವಿನ ಹಿಂದೆ, ಸಾಹೇಬರು ಮೇಜಿನ ಕೆಳಗೆ.

"ಖಾಲಿ ಇದ್ರೂ ಮನುಷ್ಯನ ಕಡೆ ಬೇಡ ಸಾಬ್" ಅಂತ ಮೇಜಿನ ಕೆಳಗಿನಿಂದ ದನಿ ಬಂತು.

ಮಾವನಿಗೆ ಎಷ್ಟು ನಾಚಿಕೆಯಾಯಿತೆಂದರೆ, ಬಿಲ್ಲು ಬರೆಸುವವರೆಗೂ ಗೋಡೆಯ ಕಡೆ ಮುಖ ಮಾಡಿಕೊಂಡೇ ನಿಂತಿದ್ದರು. ಕೋವಿ ಆಗಲೇ ಪೆಟ್ಟಿಗೆ ಸೇರಿತ್ತು.

ಸ್ವಂತ ಕೋವಿಯ ಮೊದಲ ಭಾನುವಾರ ಬಂತು. ಬೆಳಗಿನ ಬಿಸಿಲಲ್ಲಿ ನಾನೇ ಕಾರು ಓಡಿಸಿದೆ. ಡಿಕ್ಕಿಯಲ್ಲಿ ಕೋವಿ, ಪಕ್ಕದಲ್ಲಿ ಮಾವ. ಕೆಂಗೇರಿವರೆಗೆ ಪ್ರತಿ ಹಂಪ್‌ಗೂ ಇಬ್ಬರೂ ಕಣ್ಣು ಮುಚ್ಚುತ್ತಿದ್ದೆವು. ನಾನು ಡ್ರೈವರ್ ಅನ್ನುವುದು ಬೇರೆ ಮಾತು.

ಕ್ಲಬ್ಬಿನ ಕೋಚ್ ಮಾವನಿಗೆ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿ, ಗೆರೆಯ ಮೇಲೆ ನಿಲ್ಲಿಸಿದರು. ನನ್ನನ್ನು ಹತ್ತು ಹೆಜ್ಜೆ ಹಿಂದೆ ಬೆಂಚಿನ ಹತ್ತಿರ ಬಿಟ್ಟರು. ಮೊದಲ ಮೂರು ತಟ್ಟೆಗಳು ಆರಾಮಾಗಿ ಹಾರಿಹೋಗಿ ಹುಲ್ಲಿನಲ್ಲಿ ಇಳಿದವು. ನಾಲ್ಕನೆಯದನ್ನು ಎಸೆಯಿರಿ ಅನ್ನುವುದಕ್ಕೆ ಮಾವ, "ಪುಲ್" ಅಂದರು. ತಟ್ಟೆ ಹಾರಿತು. ಟ್ರಿಗರ್ ಒತ್ತಿದರು.

ಟಕ್.

ಅಷ್ಟೇ. ಶಬ್ದವಿಲ್ಲ, ಹೊಗೆಯಿಲ್ಲ. ತೋಟಾ ಹಾರಿರಲಿಲ್ಲ.

"ಹಂಗೇ ಇರಿ ಸಾರ್! ತೆರೀಬೇಡಿ, ಅಲ್ಲಾಡಬೇಡಿ. ನಳಿಗೆ ಮುಂದಕ್ಕೇ ಇರಲಿ" ಅಂದರು ಕೋಚ್. ಒಳಗಿರುವ ತೋಟಾ ಕೆಲವೊಮ್ಮೆ ತಡವಾಗಿ ಸಿಡಿಯಬಹುದಂತೆ. ಅರ್ಧ ನಿಮಿಷ ಕಾಯಬೇಕು.

ಆಗ ನಾನೊಂದು ಮೂರ್ಖ ಕೆಲಸ ಮಾಡಿದೆ. ಗಾಬರಿಯಲ್ಲಿ ಬೆಂಚು ಬಿಟ್ಟು ಮುಂದಕ್ಕೆ ಓಡಿ, ಗಂಟಲು ಕಿತ್ತುಹೋಗುವ ಹಾಗೆ, "ಮಾವಾ!" ಅಂತ ಕಿರುಚಿದೆ.

ಕಿರುಚಿದ ಮೇಲೆ ಹೊಳೆಯಿತು. ಕೈಯಲ್ಲಿರುವುದು ಸಿಡಿಯಬಹುದಾದ ಕೋವಿ, ಕರೆದವನು ನಾನು. ತಿರುಗಿದರೆ?

ಮಾವ ತಿರುಗಲಿಲ್ಲ. ಕುತ್ತಿಗೆ ಕೂಡ ಅಲುಗಲಿಲ್ಲ. ಆಕಾಶದ ಕಡೆಯೇ ನೋಡುತ್ತಾ, ನಾನು ಯಾವತ್ತೂ ಕೇಳಿರದ ದನಿಯಲ್ಲಿ, "ಹಿಂದೆ ಹೋಗೋ" ಅಂದರು.

ಹೋದೆ. ಕೋಚ್ ಮೆಲ್ಲಗೆ ಎಣಿಸುತ್ತಿದ್ದರು. ಮಾವನ ಬೆನ್ನ ಮೇಲೆ ಅಂಗಿ ಬೆವರಿನಿಂದ ಕಪ್ಪಾಗುತ್ತಾ ಹೋಯಿತು. ನಳಿಗೆ ಮಾತ್ರ ಒಂದಿಂಚೂ ಸರಿಯಲಿಲ್ಲ. ಕೋಚ್ ಬಂದು ಕೋವಿ ಮುರಿದು ತೋಟಾ ಹೊರತೆಗೆದರು. "ತೋಟಾದ ದೋಷ ಸಾರ್, ಕೋವಿ ಚೆನ್ನಾಗಿದೆ. ನೀವೂ ಚೆನ್ನಾಗಿ ನಿಂತ್ರಿ" ಅಂದು ಬೆನ್ನು ತಟ್ಟಿದರು.

ಮಾವ ಬೆಂಚಿಗೆ ಬಂದು ಕೂತರು. ಕೋವಿ ಹೋದರೂ ಬೆರಳುಗಳು ಹಿಡಿದ ಹಾಗೇ ಮಡಚಿಕೊಂಡಿದ್ದವು. ನಾನು ಒಂದೊಂದೇ ಬೆರಳು ಬಿಡಿಸಿದೆ. ಬೈಯುತ್ತಾರೆ ಅಂತ ಕಾದೆ. ಬೈಯಿಸಿಕೊಳ್ಳುವಂಥದ್ದನ್ನೇ ಮಾಡಿದ್ದೆನಲ್ಲ.

ಹುಲ್ಲಿನ ಕಡೆ ನೋಡುತ್ತಲೇ ಅಂದರು:

"ಬೇಜಾರ್ ಮಾಡ್ಕೋಬೇಡ ಕಣೋ."

"ಯಾಕೆ ಮಾವ?"

"ನಿಮ್ಮಪ್ಪ ಹೋದಾಗ ನಿನಗೆ ಒಂಬತ್ತು ವರ್ಷ. ಅವತ್ತಿಂದ ನೀನು ಕರೆದು ನಾನು ತಿರುಗದೇ ಇದ್ದಿದ್ದು ಇದೇ ಮೊದಲು."

ನೀರಿನ ಬಾಟಲಿಯ ಮುಚ್ಚಳ ತೆಗೆದು ಅವರ ಬಾಯಿಗೆ ಹಿಡಿದೆ. ಬಾಟಲಿ ನೋಡದೆ ಅವರ ಮುಖವನ್ನೇ ನೋಡುತ್ತಿದ್ದುದರಿಂದ ಅರ್ಧ ನೀರು ಅವರ ಅಂಗಿಯ ಮೇಲೆ ಚೆಲ್ಲಿತು.