ಕೈಲಾಸ ಗುರುತಿನ ಟೈರು

ಅಣೆಕಟ್ಟುಗಳ ಉಸ್ತುವಾರಿ ನೋಡುವ ಸೈಕ್ಸ್ ಎಂಬ ಮನುಷ್ಯ ಮೃತ್ಯುಂಜಯನ ಮುಖ ನೋಡುವ ಮೊದಲು ಅವನ ಗಾಡಿಯ ಟೈರು ನೋಡಿದ. ಗುರುವಾರ ಮಧ್ಯಾಹ್ನ, ಜಿಟಿಜಿಟಿ ಮಳೆಯಲ್ಲಿ, ಆಫೀಸಿನ ಅಂಗಳದಲ್ಲೇ ನಿಂತು ನಾಲ್ಕೂ ಚಕ್ರಗಳನ್ನು ಬೂಟಿನ ತುದಿಯಿಂದ ಒದ್ದು ನೋಡಿ, ಇವುಗಳ ಮೇಲೆ ಬ್ರೆಡ್ಡು ತರಲು ಹೋಗಬಹುದು, ನನ್ನ ಅಣೆಕಟ್ಟಿಗೆ ಬರಲಾಗದು ಎಂದ. ಒಳ್ಳೆಯ ಟೈರು ಹಾಕಿಸಿಕೊಂಡು ಭಾನುವಾರ ಬೆಳಿಗ್ಗೆ ಎಂಟೂವರೆಗೆ ಗುಡ್ಡದ ಮೇಲಿನ ಅಣೆಕಟ್ಟಿನ ಗೇಟಿಗೆ ಗಾಡಿ ಸಮೇತ ಬಂದರೆ ಕೆಲಸ ನಿನ್ನದು, ಇಲ್ಲವಾದರೆ ಲೀಡ್ಸ್‌ನವನೊಬ್ಬ ಕಾಯುತ್ತಿದ್ದಾನೆ ಎಂದೂ ಸೇರಿಸಿದ. ವಾರದ ದಿನಗಳಲ್ಲಿ ಸೈಕ್ಸ್‌ಗೆ ಬಿಡುವಿರಲಿಲ್ಲ.

ಮೃತ್ಯುಂಜಯ ಹಾವೇರಿ ಕಡೆಯ ಸಿವಿಲ್ ಇಂಜಿನಿಯರ್. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ಗೆ ಬಂದು ಮೂರು ವರ್ಷವಾಗಿತ್ತು. ಅವನಿದ್ದ ಕಂಪನಿ ಎರಡು ಸಾವಿರದ ಎಂಟರ ಕೊನೆಗೆ ಬಾಗಿಲು ಹಾಕಿಕೊಂಡಿತು. ಹಾಕಿಕೊಳ್ಳುವ ಮೊದಲು ಸೈಟಿನ ಎರಡು ಸಾಲು ಸೀಟಿನ ಹಳೆಯ ಪಿಕಪ್ ಟ್ರಕ್ಕನ್ನು ಅವನಿಗೆ ಅಗ್ಗಕ್ಕೆ ಮಾರಿತು. ಈಗ ಅವನ ಹತ್ತಿರ ಟ್ರಕ್ ಇತ್ತು, ಕೆಲಸವಿರಲಿಲ್ಲ. ತಿಂಗಳ ಕೊನೆಯೊಳಗೆ ಹೊಸ ಕೆಲಸ ಹಿಡಿಯದಿದ್ದರೆ ವರ್ಕ್ ಪರ್ಮಿಟ್ ಮುಗಿದು, ಹೆಂಡತಿ ನೀಲಾಂಬಿಕಾಳೊಂದಿಗೆ ಸೂಟ್‌ಕೇಸ್ ಕಟ್ಟಬೇಕಾಗಿತ್ತು. ಗುಡ್ಡದ ಅಣೆಕಟ್ಟುಗಳನ್ನು ಸುತ್ತಿ ಬಿರುಕು ನೋಡಿ ಬರೆಯುವ ಈ ಕೆಲಸವೊಂದೇ ಉಳಿದಿದ್ದ ದಾರಿ.

ಶನಿವಾರ ಬೆಳಿಗ್ಗೆ ಒಂಬತ್ತಾದರೂ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಹೊರಗೆ ಆಕಾಶ ತೊಳೆಯದ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು.

"ಟೈರ್ ಅಂಗಡಿಯಂವ ಒಂದಕ್ಕ ಮುಚ್ಚತಾನ. ನಾಳೆ ತಗಿಯಂಗಿಲ್ಲ. ಯಾರ ಮಾತೂ ಕೇಳಕೋತ ಕುಂದರಬ್ಯಾಡ್ರಿ," ಎಂದಳು ನೀಲಾಂಬಿಕಾ.

ಅವಳ ಮಾತು ಮುಗಿಯುವ ಮೊದಲೇ ಪಕ್ಕದ ಮನೆಯ ಹರಿಶ್ಚಂದ್ರ ಕಾಗದದ ಕಟ್ಟು ಹಿಡಿದು ಒಳಗೆ ಬಂದ. ಮೈಸೂರಿನವನು, ಸಾಫ್ಟ್‌ವೇರಿನವನು. ಮ್ಯಾಂಚೆಸ್ಟರಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದ. ಸ್ವಂತ ಕಾರಿರಲಿಲ್ಲವಾದ್ದರಿಂದ ಟೈರುಗಳ ಬಗ್ಗೆ ಅವನ ಅಭಿಪ್ರಾಯಗಳಿಗೆ ಅನುಭವದ ಅಡ್ಡಿಯೂ ಇರಲಿಲ್ಲ.

"ನೋಡಿ ಮೃತ್ಯುಂಜಯ, ನಿಮ್ದು ಮಿಕ್ಸೆಡ್ ಯೂಸ್. ಅರ್ಧ ಮೋಟರ್‌ವೇ, ಅರ್ಧ ಗುಡ್ಡ. ರೋಡ್ ಟೈರ್ ಹಾಕಿದ್ರೆ ಗುಡ್ಡದಲ್ಲಿ ಜಾರುತ್ತೆ. ಕೆಸರಿನ ಟೈರ್ ಹಾಕಿದ್ರೆ ಮೋಟರ್‌ವೇಲಿ ರೈಸ್‌ಮಿಲ್ ಥರ ಸದ್ದು. ವಿಂಟರ್ ಟೈರ್ ಹಾಕಿದ್ರೆ ಬೇಸಿಗೇಲಿ ಸವೆದುಹೋಗುತ್ತೆ."

"ಹಂಗಾದ್ರೆ ಯಾವ್ದು ಹಾಕ್ಲಿ?"

"ಅದನ್ನೇ ಹೇಳೋಕೆ ಬಂದೆ. ಮೂವತ್ತೆರಡು ಪೇಜ್ ಇದೆ."

ಹದಿನಾಲ್ಕನೆಯ ಪುಟದಲ್ಲಿರುವಾಗ ಡಾಕ್ಟರ್ ಬಾಲಕೃಷ್ಣ ಬಂದರು. ಉಡುಪಿ ಕಡೆಯ ಮೂಳೆ ಡಾಕ್ಟರು. ಊರಿನಿಂದ ಬಂದಿದ್ದ ಮೃತ್ಯುಂಜಯನ ಅತ್ತೆ ಸಿದ್ದವ್ವನ ಬಿಪಿ ನೋಡುವ ನೆಪದಲ್ಲಿ ಪ್ರತಿ ಶನಿವಾರ ಬಂದು ಮೂರು ಜೋಳದ ರೊಟ್ಟಿ ತಿಂದು ಹೋಗುವುದು ಅವರ ಪದ್ಧತಿ.

"ಇಷ್ಟು ಯೋಚನೆ ಎಂತಕ್ಕೆ ಮಾರಾಯ್ರೆ," ಎಂದರು ರೊಟ್ಟಿ ಮುರಿಯುತ್ತ. "ಮುಂದೆ ಎರಡು ವಿಂಟರ್, ಹಿಂದೆ ಎರಡು ರೋಡ್. ಎರಡೂ ಆಯ್ತಲ್ಲ."

"ಡಾಕ್ಟ್ರೇ, ನೀವು ಪೇಶೆಂಟ್‌ಗೆ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಬರ್ಕೊಡ್ತೀರಾ?" ಎಂದ ಹರಿಶ್ಚಂದ್ರ.

ಮೃತ್ಯುಂಜಯ ಗಡಿಯಾರ ನೋಡಿದ. ಹತ್ತೂವರೆಯಾಗಿತ್ತು. ಅವನಿಗೂ ಒಂದು ಅಭಿಪ್ರಾಯವಿತ್ತು, ಆದರೆ ಅದನ್ನು ಇಡಲು ಮೇಜಿನ ಮೇಲೆ ಜಾಗವಿರಲಿಲ್ಲ.

ತೀರ್ಮಾನ ಬಂದದ್ದು ಒಲೆಯ ಕಡೆಯಿಂದ. ಸಿದ್ದವ್ವ ಹಿಟ್ಟಿನ ಕೈಯಲ್ಲೇ ಒಂದು ಹಾಳೆಯ ಮೇಲೆ ಬೆರಳಿಟ್ಟಳು.

"ಇದೇನಿದು, ಮೂರು ಶಿಖರದ ಗುಡ್ಡ, ಅದರೊಳಗೊಂದು ಹೂವು?"

"ಹೂವಲ್ಲ ಅಮ್ಮಾ, ಹಿಮದ ಹರಳು," ಎಂದ ಹರಿಶ್ಚಂದ್ರ. "ಹಿಮದಲ್ಲಿ ಓಡಿಸಿ ಪರೀಕ್ಷೆ ಮಾಡಿದ ಟೈರಿಗೆ ಮಾತ್ರ ಈ ಗುರುತು ಹಾಕ್ತಾರೆ. ಇದು ರೋಡಿಗೂ ಆಗುತ್ತೆ, ಗುಡ್ಡಕ್ಕೂ ಆಗುತ್ತೆ, ಹಿಮಕ್ಕೂ ಆಗುತ್ತೆ."

"ಹಿಮದ ಗುಡ್ಡ ಅಂದ್ರ ಕೈಲಾಸ. ಮೃತ್ಯುಂಜಯ ಅಂದ್ರ ಅದರ ಮಾಲಕ. ಅಳಿಯಾರ, ಇದನ್ನ ತಗೋರಿ."

ಎರಡು ದಿನದಿಂದ ಮೃತ್ಯುಂಜಯನ ಮನಸ್ಸಿನಲ್ಲಿದ್ದುದೂ ಅದೇ ಟೈರು. ಅವನು ಜಾಕೆಟ್ ಹಾಕಿಕೊಂಡು ಎದ್ದ. ಅಲ್ಲಿಗೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು, ಹರಿಶ್ಚಂದ್ರನಿಗೆ ಇನ್ನೂ ಹದಿಮೂರು ಪುಟ ಉಳಿದಿರದಿದ್ದರೆ.

"ಬರೀ ರಬ್ಬರ್ ಅಂದ್ಕೋಬೇಡಿ ಅಮ್ಮಾ," ಎಂದ ಅವನು. "ಒಳಗೆ ಎರಡು ಪದರ ಸ್ಟೀಲ್ ತಂತಿ ಇರುತ್ತೆ."

ಸಿದ್ದವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಸ್ಟೀಲ್ ಅಂದ್ರ ಕಬ್ಬಿಣನ ಹೌದಲ್ಲೋ ತಮ್ಮಾ?"

ಹರಿಶ್ಚಂದ್ರ ಹೌದೆಂದು ತಲೆಯಾಡಿಸಿದ.

"ಶನಿವಾರ ಮನಿಗೆ ಕಬ್ಬಿಣ ತರೂದಿಲ್ಲ," ಎಂದಳು ಸಿದ್ದವ್ವ. "ನಮ್ಮ ಮಾವ ಒಂದು ಶನಿವಾರ ಸಂತ್ಯಾಗಿಂದ ಕುಡಗೋಲು ತಂದಿದ್ರು. ಮಂಗಳವಾರಕ್ಕ ಎಮ್ಮಿ ಸತ್ತಿತು."

"ಅಲ್ಲವ್ವ, ಆ ಗಾಡಿ ಪೂರಾ ಕಬ್ಬಿಣನ ಐತಲ್ಲ. ಅದು ಪ್ರತಿ ಶನಿವಾರ ಮನಿಗೆ ಬರ್ತೈತಿ," ಎಂದಳು ನೀಲಾಂಬಿಕಾ.

"ಅದು ಹಳೇದು. ಹಳೇ ಕಬ್ಬಿಣದ ತಂಟಿಗೆ ಶನಿ ಬರಂಗಿಲ್ಲ."

ಮೃತ್ಯುಂಜಯ ಇಂಥದನ್ನೆಲ್ಲ ನಂಬುವವನಲ್ಲ. ಕೆಲಸವಿದ್ದಾಗ ನಕ್ಕುಬಿಡುತ್ತಿದ್ದ. ಆದರೆ ಕೆಲಸ ಕಳೆದುಕೊಂಡವನಿಗೆ ಶನಿಯನ್ನು ಎದುರುಹಾಕಿಕೊಳ್ಳುವ ಧೈರ್ಯ ಎಲ್ಲಿಂದ ಬರಬೇಕು? ನಾಳೆ ಗೇಟಿನ ಹತ್ತಿರ ಏನಾದರೂ ಎಡವಟ್ಟಾದರೆ ಜೀವಮಾನವಿಡೀ ಆ ಎಮ್ಮೆಯ ಹೆಸರು ಕೇಳಬೇಕಾದೀತು. ಅವನು ಜಾಕೆಟ್ಟಿನ ಜಿಪ್ಪನ್ನು ಅರ್ಧಕ್ಕೆ ಎಳೆದು ನಿಂತುಬಿಟ್ಟ.

"ಮನೆಗೆ ತರಬಾರದು, ಅಷ್ಟೇ ಅಲ್ವಾ?" ಎಂದರು ಬಾಲಕೃಷ್ಣ, ಮೂರನೆಯ ರೊಟ್ಟಿ ಮುಗಿಸಿ. "ತರಬೇಡಿ. ಟೈರ್ ಹಾಕಿಸಿ, ರಾತ್ರಿ ಗಾಡಿ ನಮ್ಮ ಅಂಗಳದಲ್ಲಿ ನಿಲ್ಲಿಸಿ. ನಾಳೆ ಭಾನುವಾರ, ಬೆಳಿಗ್ಗೆ ಬಂದು ತಕೊಂಡು ಹೋಗಿ. ನಾನು ಆನ್ ಕಾಲ್, ಮನೆಯಲ್ಲೇ ಇರ್ತೇನೆ. ಆ ಡ್ಯಾಮಿಗೆ ನಮ್ಮಲ್ಲಿಂದ ಹತ್ತೇ ನಿಮಿಷ."

ಅವರ ಮನೆ ಇದ್ದದ್ದು ಮೆಲ್ಥಮ್‌ನಲ್ಲಿ, ಐದು ಮೈಲಿ ಏರುದಾರಿ. ಸಿದ್ದವ್ವ ಸ್ವಲ್ಪ ಹೊತ್ತು ಯೋಚಿಸಿ, ಡಾಕ್ಟರ ಮನೆಗೆ ಬಂದ ಕಬ್ಬಿಣದಿಂದ ನಮಗೇನೂ ಆಗುವುದಿಲ್ಲವೆಂದು ಒಪ್ಪಿಕೊಂಡಳು. ಡಾಕ್ಟರಿಗೆ ಏನಾದೀತು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಟೈರ್ ಅಂಗಡಿಗೆ ಹನ್ನೆರಡಕ್ಕೆ ತಲುಪಿದಾಗ ಮೃತ್ಯುಂಜಯನ ಜೊತೆ ಹರಿಶ್ಚಂದ್ರ, ಅವನ ಮೂವತ್ತೆರಡು ಪುಟ, ಮತ್ತು ಗುರುತನ್ನು ತಾನೇ ಕಣ್ಣಾರೆ ನೋಡಬೇಕೆಂದು ಹಟಹಿಡಿದ ಸಿದ್ದವ್ವ ಇದ್ದರು. ಅಂಗಡಿಯ ಮುದುಕ ಮೂವರನ್ನೂ ಬೇಸರದಿಂದ ನೋಡಿದ. ಈ ದೇಶದಲ್ಲಿ ವರ್ಷಕ್ಕೆ ಎರಡು ದಿನ ಹಿಮ ಬೀಳುತ್ತದೆ, ಆ ಎರಡು ದಿನ ಬುದ್ಧಿಯಿರುವವರು ಮನೆಯಲ್ಲಿರುತ್ತಾರೆ, ಈ ಟೈರು ಯಾರಿಗೂ ಬೇಡ ಎಂದ. ಹಾಗಂದರೂ ಒಳಗಿನಿಂದ ನಾಲ್ಕು ಉರುಳಿಸಿಕೊಂಡು ಬಂದು ಹಾಕಿಕೊಟ್ಟ. ಸಿದ್ದವ್ವ ಒಂದೊಂದು ಟೈರಿನ ಮೇಲೂ ಕೈಲಾಸವನ್ನು ಹುಡುಕಿ ವಿಭೂತಿ ಹಚ್ಚಿದಳು. ಆಮೇಲೆ ಚೀಲದಿಂದ ನಾಲ್ಕು ನಿಂಬೆಹಣ್ಣು ತೆಗೆದು ನಾಲ್ಕು ಚಕ್ರದ ಕೆಳಗೆ ಇಟ್ಟಳು.

ಮುದುಕ ಬಹಳ ಹೊತ್ತು ನಿಂಬೆಹಣ್ಣುಗಳನ್ನು ನೋಡಿದ. ವೀಲ್ ಬ್ಯಾಲೆನ್ಸಿಂಗ್ ತಾನು ಆಗಲೇ ಮಾಡಿದ್ದೇನೆಂದು ಮೆಲ್ಲಗೆ ಹೇಳಿದ.

ಹರಿಶ್ಚಂದ್ರನನ್ನು ಬೀದಿಯ ಮೂಲೆಯಲ್ಲೇ ಇಳಿಸಿ, ಅತ್ತೆಯ ಜೊತೆ ಮೆಲ್ಥಮ್ ಏರು ಹತ್ತುವಾಗ ಮೃತ್ಯುಂಜಯನಿಗೆ ಎಷ್ಟೋ ವಾರಗಳ ಮೇಲೆ ಹಾಯೆನಿಸಿತು. ಗಾಡಿ ಒದ್ದೆ ತಿರುವುಗಳಲ್ಲಿ ಒಂದಿಷ್ಟೂ ಅಲುಗಲಿಲ್ಲ. ನಾಳೆ ಸೈಕ್ಸ್ ಬೂಟಿನಿಂದ ಒದೆಯಲಿ, ಸುತ್ತಿಗೆಯಿಂದ ಬಡಿಯಲಿ ಎಂದುಕೊಂಡ. ಬಾಲಕೃಷ್ಣರ ಅಂಗಳದಲ್ಲಿ ನೆಲಕ್ಕೆ ಮೂಗು ತಾಗಿಸಿಕೊಂಡು ಓಡುವಂಥ ಅವರ ಹೊಸ ಕಾರಿತ್ತು. ಅದರ ಪಕ್ಕ ಟ್ರಕ್ ನಿಲ್ಲಿಸಿ, ಅಡ್ಡವಾದರೆ ಸರಿಸಲು ಇರಲಿ ಎಂದು ಬೀಗದಕೈಯನ್ನೂ ಅವರಿಗೇ ಕೊಟ್ಟ.

ಅತ್ತೆ ಅಳಿಯ ಬಸ್ಸಿನಲ್ಲಿ ಇಳಿದು ಬಂದರು. ಲಾಕ್‌ವುಡ್ ಹತ್ತಿರ ಬಂದಾಗ ಕಿಟಕಿಯ ಗಾಜಿಗೆ ಒಂದೆರಡು ಬಿಳಿ ಚೂರು ಬಂದು ಅಂಟಿದವು.

"ಹತ್ತಿ ಹಾರಿದಂಗ ಐತಿ ನೋಡ್ರಿ," ಎಂದಳು ಸಿದ್ದವ್ವ ಸಂತೋಷದಿಂದ.

ಭಾನುವಾರ ಐದಕ್ಕೆ ಎದ್ದು ಪರದೆ ಸರಿಸಿದರೆ ಬೀದಿಯೇ ಇರಲಿಲ್ಲ. ಕಸದ ಡಬ್ಬಿಗಳ ಅರ್ಧದವರೆಗೆ ಹಿಮ ಬಂದಿತ್ತು. ಬಸ್ಸಿಲ್ಲ. ಟ್ಯಾಕ್ಸಿಗೆ ಫೋನು ಮಾಡಿದರೆ ಆ ಕಡೆಯವನು ಮೆಲ್ಥಮ್ ಎಂಬ ಹೆಸರು ಕೇಳಿಯೇ ಇಟ್ಟುಬಿಟ್ಟ. ಮೃತ್ಯುಂಜಯ ಎರಡು ಸ್ವೆಟರ್ ಏರಿಸಿ ನಡೆದುಕೊಂಡೇ ಹೊರಟ. ಡಾಕ್ಟರ ಅಂಗಳ ತಲುಪಿದರೆ ಸಾಕು, ಅಲ್ಲಿಂದಾಚೆ ಕೈಲಾಸವಿದೆ ಎಂಬುದೊಂದೇ ಅವನ ಧೈರ್ಯ.

ದಾರಿಯುದ್ದಕ್ಕೂ ಕಾರುಗಳು ಅಡ್ಡಡ್ಡ ತಿರುಗಿ, ಗೋಡೆಗೆ ಮೂತಿಯಿಟ್ಟು ನಿಂತಿದ್ದವು. ಒಂದೇ ಒಂದು ಗಾಡಿ ಮಾತ್ರ ಗುಡ್ಡದಿಂದ ಇಳಿದು ಹೋದ ಗುರುತಿತ್ತು. ಎರಡು ಸಾಲು, ಎಲ್ಲೂ ಜಾರಿಲ್ಲ, ಸೊಟ್ಟವಾಗಿಲ್ಲ, ಶಾವಿಗೆ ಒರಳಿನಿಂದ ಒತ್ತಿದ ಹಾಗೆ ನೇರವಾಗಿತ್ತು. ಯಾರೋ ಪುಣ್ಯಾತ್ಮ ಯೋಚನೆ ಮಾಡಿ ಟೈರು ಹಾಕಿಸಿದ್ದಾನೆ ಎಂದು ಮೃತ್ಯುಂಜಯ ಮನಸಾರೆ ಮೆಚ್ಚಿದ. ಆ ಸಾಲಿನಲ್ಲೇ ಹೆಜ್ಜೆಯಿಡುತ್ತ ಎರಡೂವರೆ ಗಂಟೆ ಏರು ಹತ್ತಿದ.

ಆ ಸಾಲು ಡಾಕ್ಟರ ಅಂಗಳದಿಂದಲೇ ಹೊರಟಿತ್ತು. ಅವರ ಕಾರು ಗೇಟಿನ ಒಂದು ಬದಿಯಲ್ಲಿ ಅರ್ಧ ಹೊರಬಂದು ಹಿಮದಲ್ಲಿ ಹೂತುಕೊಂಡಿತ್ತು. ಪಕ್ಕದಲ್ಲಿ ಟ್ರಕ್ಕಿನ ಅಳತೆಯ ಖಾಲಿ ಜಾಗ.

ಡಾಕ್ಟರ ಹೆಂಡತಿ ವಸುಂಧರಾ ಬಾಗಿಲು ತೆರೆದರು. "ಅಯ್ಯೋ, ನಡ್ಕೊಂಡು ಬಂದ್ರಾ? ಆಸ್ಪತ್ರೆಯಿಂದ ನಾಲ್ಕಕ್ಕೇ ಫೋನ್ ಬಂತು. ನಮ್ಮ ಕಾರು ಗೇಟ್ ದಾಟ್ಲಿಲ್ಲ. ನಿಮ್ಮನ್ನ ಆ ಹೊತ್ತಲ್ಲಿ ಎಬ್ಬಿಸೋದು ಬೇಡ, ಎಂಟಕ್ಕೆ ತಂದು ನಿಲ್ಲಿಸ್ತೇನೆ ಅಂತ ನಿಮ್ಮ ಗಾಡೀಲೇ ಹೋದ್ರು."

ಎಂಟಾಗಿ ಐದು ನಿಮಿಷವಾಗಿತ್ತು. ಮರಗಟ್ಟಿದ ಬೆರಳಿನಿಂದ ಮೃತ್ಯುಂಜಯ ಮೊಬೈಲ್ ಒತ್ತಿದ.

"ಏನು ಟೈರ್ ಮಾರಾಯ್ರೆ," ಎಂದರು ಬಾಲಕೃಷ್ಣ ಆ ಕಡೆಯಿಂದ. "ಒಂಚೂರು ಜಾರ್ಲಿಲ್ಲ. ಜಾರಿದವರೆಲ್ಲ ಇಲ್ಲಿದ್ದಾರೆ. ಒಂದು ಸೊಂಟ ಆಯ್ತು, ಎರಡು ಮಣಿಕಟ್ಟು ಆಯ್ತು, ಇನ್ನೂ ಮೂರು ಜನ ಮಲಗಿದ್ದಾರೆ. ನರ್ಸ್‌ಗಳು ಬರ್ಲಿಕ್ಕೆ ಗಾಡಿ ಇಲ್ಲ ಅಂತ ನಿಮ್ಮದನ್ನ ಇಲ್ಲಿನ ಪೋರ್ಟರ್ ಕೈಯಲ್ಲಿ ಕಳಿಸಿದ್ದೇನೆ. ಊರಲ್ಲಿ ಓಡ್ತಾ ಇರುವುದು ಅದೊಂದೇ. ಹನ್ನೊಂದಕ್ಕೆ ಬಂದ್ರೆ ಆದೀತಾ?"

ಬೈಯಬೇಕೆಂದು ಬಾಯಿ ತೆರೆದವನಿಗೆ ಯಾರದೋ ಮುರಿದ ಸೊಂಟ ನೆನಪಾಯಿತು. ಸರಿ ಎಂದ.

ಸೈಕ್ಸ್ ಮೊದಲ ಗಂಟೆಗೇ ಫೋನು ಎತ್ತಿದ. ಅವನು ಗೇಟಿನ ಹತ್ತಿರವೇ ಇದ್ದ. ಎಲ್ಲಿದ್ದೀಯ ಎಂದ. ಮೆಲ್ಥಮ್‌ನಲ್ಲಿ, ನಡೆದು ಬಂದೆ ಎಂದ ಮೃತ್ಯುಂಜಯ. ಗಾಡಿ ಎಲ್ಲಿ ಎಂದ. ಆಸ್ಪತ್ರೆಯಲ್ಲಿ ಎಂದ. ಗುದ್ದಿದೆಯಾ ಎಂದ. ಇಲ್ಲ ಎಂದ. ಹೊಸ ಟೈರು ಹಾಕಿಸಲಿಲ್ಲವಾ ಎಂದ. ಹಾಕಿಸಿದ್ದೇನೆ, ಬಹಳ ಒಳ್ಳೆಯವು ಎಂದ. ಹಾಗಾದರೆ ನಿನ್ನೆ ರಾತ್ರಿ ಆ ಗಾಡಿ ನಿನ್ನ ಮನೆಯಲ್ಲಿ ಯಾಕಿರಲಿಲ್ಲ ಎಂದ ಸೈಕ್ಸ್.

ಟೈರಿನೊಳಗೆ ತಂತಿಯಿದೆ, ತಂತಿ ಕಬ್ಬಿಣದ್ದು, ನಿನ್ನೆ ಶನಿವಾರ, ಹಿಂದೊಮ್ಮೆ ಒಂದು ಎಮ್ಮೆ ಸತ್ತಿತ್ತು. ಮೃತ್ಯುಂಜಯನಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಆದರೂ ಹಿಮದಲ್ಲಿ ನಿಂತ ಆ ಯಾರ್ಕ್‌ಷೈರಿನವನಿಗೆ ಇದನ್ನು ಎಲ್ಲಿಂದ ಶುರುಮಾಡಿ ಹೇಳುವುದೆಂದು ಅವನಿಗೆ ತಿಳಿಯಲಿಲ್ಲ.

ಸೈಕ್ಸೇ ಮಾತು ಮುಂದುವರಿಸಿದ. ಲೀಡ್ಸ್‌ನವನು ಬೆಳಿಗ್ಗೆಯೇ ಫೋನು ಮಾಡಿ, ಹಿಮ ಬಿದ್ದಿದೆ, ಟೈರು ಸರಿಯಿಲ್ಲ, ಬರಲಾಗುವುದಿಲ್ಲ ಎಂದ. ಅದು ಅರ್ಥವಾಗುವ ಮಾತು, ಅವನಿಗೆ ಮಂಗಳವಾರದಿಂದ ಕೆಲಸಕ್ಕೆ ಬಾ ಎಂದಿದ್ದೇನೆ, ಎಂದು ಹೇಳಿ ಫೋನು ಇಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೃತ್ಯುಂಜಯ ತನ್ನದೇ ಟೈರಿನ ಸಾಲು ಹಿಡಿದು ಐದು ಮೈಲಿ ಇಳಿದು ಮನೆಗೆ ಬಂದ. ವಿಷಯ ಕೇಳಿ ನೀಲಾಂಬಿಕಾ ಬಿಸಿನೀರು ತಂದು ಅವನ ಕಾಲ ಹತ್ತಿರ ಇಟ್ಟು, ಮೇಲೆ ಹೋಗಿ ಬೀರುವಿನ ಮೇಲಿದ್ದ ಸೂಟ್‌ಕೇಸುಗಳನ್ನು ಇಳಿಸತೊಡಗಿದಳು. ಆ ಸದ್ದು ಕೆಳಗೆ ಕೇಳುತ್ತಿತ್ತು.

"ಹೋಗ್ಲಿ ಬಿಡ್ರಿ ಅಳಿಯಾರ," ಎಂದಳು ಸಿದ್ದವ್ವ, ಅವನ ಪಾದಕ್ಕೆ ಎಣ್ಣೆ ತಿಕ್ಕುತ್ತ. "ಬರೇ ಕೆಲಸ ಹೋತು. ಗಾಡಿ ನಿನ್ನೆ ಮನಿಗೆ ತಂದಿದ್ರ ಇನ್ನೂ ಏನೇನ ಆಗ್ತಿತ್ತೋ ಏನೋ. ಶನಿ ಕೂದಲೆಳೆ ಅಂತರದಾಗ ತಪ್ಪಿದ."

ಹನ್ನೊಂದಕ್ಕೆ ಹೊರಗೆ ಹಾರ್ನ್ ಕೇಳಿಸಿತು. ಟ್ರಕ್ ಬಂದಿತ್ತು, ಹಿಂದಿನ ಸೀಟಿನ ತುಂಬ ನರ್ಸ್‌ಗಳಿದ್ದರು. ಸಿದ್ದವ್ವ ಕೈ ಒರೆಸಿಕೊಂಡು, ಇವತ್ತು ಭಾನುವಾರ, ಈಗ ಬರಲಿ ಎಂದು ಆರತಿ ತಟ್ಟೆ ಹುಡುಕಲು ಹೋದಳು.