ಅತ್ತೆ ನೋಡಿಬಂದ ಮೂರು ಕ್ಯಾಂಪಸ್ಸು

ನಮ್ಮ ಅತ್ತೆ ಒಂದೇ ವಾರದಲ್ಲಿ ವಿಶ್ವವಿದ್ಯಾಲಯ ಮುಗಿಸಿದವಳು. ಅದೂ ಒಂದಲ್ಲ, ಮೂರು ಕ್ಯಾಂಪಸ್ಸುಗಳಲ್ಲಿ. ನಂಬಿಕೆಯಾಗದವರು ಕಂಪ್ಲಿಗೆ ಬಂದು ಅವಳನ್ನೇ ಕೇಳಬಹುದು. ಆದರೆ ನೀವು ಬಾಯಿ ತೆರೆಯುವುದರೊಳಗೆ ಅವಳು ನಿಮ್ಮ ಊರು, ಮನೆದೇವರು, ನೀವು ಮೊಣಕಾಲಿಗೆ ಹಚ್ಚುವ ಎಣ್ಣೆ ಎಲ್ಲವನ್ನೂ ಕೇಳಿ ತಿಳಿದುಕೊಂಡಿರುತ್ತಾಳೆ ಎಂಬುದು ನೆನಪಿರಲಿ.

ಅತ್ತೆ ಎಂದರೆ ಅಪ್ಪನ ಅಕ್ಕ. ಅವ್ವ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಪ್ಪನಿಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ಹಾಗಾಗಿ ನನ್ನನ್ನು ಸಾಕಿದವಳು ಅತ್ತೆಯೇ. ಬಸ್ ನಿಲ್ದಾಣದ ಪಕ್ಕ ಅವಳದೊಂದು ಅಂಗಡಿ ಇತ್ತು. ಬೆಳಿಗ್ಗೆ ಮಂಡಕ್ಕಿ ವಗ್ಗಾಣಿ, ಸಂಜೆ ಬಿಸಿ ಮಿರ್ಚಿ ಬಜ್ಜಿ. ಸಂಜೆ ಕಾಲೇಜಿನಿಂದ ಬಂದವಳೇ ನಾನು ಬಾಣಲೆಯ ಮುಂದೆ ಕೂರುತ್ತಿದ್ದೆ. ಏಕೆಂದರೆ ಅತ್ತೆ ಗಿರಾಕಿಗಳೊಡನೆ ಮಾತಿಗೆ ನಿಂತರೆ ಮಿರ್ಚಿ ಇದ್ದಲಾಗುತ್ತಿತ್ತು. ಒಮ್ಮೆ ಗಂಗಾವತಿಗೆ ಹೊರಟಿದ್ದವನೊಬ್ಬ ಅವಳ ಪ್ರಶ್ನೆಗಳಿಗೆ ಉತ್ತರಿಸುತ್ತ ನಿಂತು ಬಸ್ಸು ತಪ್ಪಿಸಿಕೊಂಡ. ಅವನು ಸಿಟ್ಟಿಗೆದ್ದರೆ ಇವಳು, "ಹೋದ್ರ ಹೋಗ್ಲಿ ಬಿಡ್ರಿ, ಇನ್ನೊಂದು ಬರ್ತೈತಿ. ನಿಮ್ಮ ತಂಗಿ ಮದಿವಿ ಮಾತು ಅರ್ಧಕ್ಕ ನಿಂತೈತಿ, ಕುಂದ್ರಿ" ಎಂದಳು. ಅವನು ಕೂತ ಎಂಬುದೇ ಆಶ್ಚರ್ಯ.

ಇಂಥವಳ ಕಿವಿಗೆ ನಾನು ಎಂ.ಕಾಂ. ಸೇರುವ ಸುದ್ದಿ ಬಿತ್ತು. ನಾನು ಆರಿಸಿಕೊಂಡಿದ್ದ ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ಸು ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿತ್ತು. ಸಂಡೂರಿನಲ್ಲೊಂದು, ನಮ್ಮ ಕಂಪ್ಲಿಯಲ್ಲೊಂದು ಚಿಕ್ಕ ಕ್ಯಾಂಪಸ್ಸು. ಮೂರರಲ್ಲೂ ಎಂ.ಕಾಂ. ಇತ್ತು. ಅರ್ಜಿಯಲ್ಲಿ ಯಾವುದು ಬೇಕೆಂದು ಹೇಳಿದರಾಯಿತು.

"ಅದೆಂಗ?" ಎಂದಳು ಅತ್ತೆ. "ಒಂದ ವಿಶ್ವವಿದ್ಯಾಲಯ ಮೂರು ಊರಾಗ ಹೆಂಗಿರ್ತೈತಿ?"

ಅಪ್ಪ ಅವಳಿಗೆ ತಿಳಿಯುವಂತೆ ಬಿಡಿಸಿ ಹೇಳಿದ. "ಈಗ ನಿನ್ನ ವಗ್ಗಾಣಿ ಇಲ್ಲೇನು ಅಕ್ಕಾ? ಅದನ್ನ ಹೊಸಪ್ಯಾಟಿಯಾಗೂ ಮಾಡಿದ್ರು, ಸಂಡೂರಾಗೂ ಮಾಡಿದ್ರು ಅನ್ಕೋ. ಅದ ಮಂಡಕ್ಕಿ, ಅದ ಮಸಾಲಿ. ಹಂಗ ಇದು."

"ಮಂಡಕ್ಕಿ ಅದ ಇರ್ಲಿ. ಕೈ ಬ್ಯಾರೆ ಆದ್ರ ರುಚಿ ಬ್ಯಾರೆ ಆಗಂಗಿಲ್ಲೇನು? ಮೂರೂ ನೋಡೇ ಬರೂಣು."

ಅಪ್ಪನ ಲೆಕ್ಕದಲ್ಲಿ ನೋಡುವುದಕ್ಕೇನೂ ಇರಲಿಲ್ಲ. ಕಂಪ್ಲಿಯ ಕ್ಯಾಂಪಸ್ಸು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಅತ್ತೆಗೆ ಮೊಣಕಾಲು ನೋವು. ಅವಳನ್ನೂ ಅಂಗಡಿಯನ್ನೂ ಬಿಟ್ಟು ಹೋಗುವ ಯೋಚನೆಯೇ ನನಗೆ ಬಂದಿರಲಿಲ್ಲ. ಆದರೂ ಅತ್ತೆ ಇಳಕಲ್ ಸೀರೆ ಉಟ್ಟು, ವೀಳ್ಯದೆಲೆಯ ಚೀಲ ಸಿಕ್ಕಿಸಿಕೊಂಡು, ಸಂಬಂಧ ನೋಡಲು ಹೊರಟವಳ ಹಾಗೆ ಹೊರಟಳು.

ಮೊದಲು ಕಂಪ್ಲಿ. ಹೊಸ ಕಟ್ಟಡ, ಸುಣ್ಣದ ವಾಸನೆ, ಕಿಟಕಿಯಾಚೆ ಭತ್ತದ ಗದ್ದೆ. ಅಲ್ಲಿನ ಮುಖ್ಯಸ್ಥರು ಸಾವಧಾನದ ಮನುಷ್ಯ. ಅತ್ತೆಗೆ ಕುರ್ಚಿ ಕೊಟ್ಟು ಕೋರ್ಸಿನ ಬಗ್ಗೆ ವಿವರವಾಗಿ ಹೇಳಿದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಪಾಠ ಮುಗಿದ ಮ್ಯಾಲೆ ಮಕ್ಕಳು ಏನ್ ಮಾಡ್ತಾರ್ರಿ?"

ಅವರು ಹೆಮ್ಮೆಯಿಂದಲೇ ಹೇಳಿದರು, "ಎಲ್ಲ ಸುತ್ತಮುತ್ತಲಿನವರೇ ಅಮ್ಮ. ಪಾಠ ಮುಗಿದ ತಕ್ಷಣ ಮನೆಗೆ ಹೋಗ್ತಾರೆ."

"ತಕ್ಷಣ?"

"ತಕ್ಷಣ."

ಅತ್ತೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವಳು ಮಾತಾಡದೆ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕ್ಯಾಂಪಸ್ಸು ಅಷ್ಟು ಹಿಡಿಸಿರಬೇಕು ಎಂದುಕೊಂಡೆ.

ಆಮೇಲೆ ಹೊಸಪೇಟೆ. ಅದು ದೊಡ್ಡ ಕ್ಯಾಂಪಸ್ಸು. ಬಂಡೆಗಳ ನಡುವೆ ಒಂದೊಂದು ವಿಭಾಗಕ್ಕೂ ಒಂದೊಂದು ಕಟ್ಟಡ. ಗ್ರಂಥಾಲಯದೊಳಗೆ ಹೊಕ್ಕ ಅತ್ತೆ, ಓದುತ್ತಿದ್ದ ಹುಡುಗನೊಬ್ಬನ ಪಕ್ಕ ಕೂತು ಬಗ್ಗಿ ಅವನ ಪುಸ್ತಕ ನೋಡಿದಳು. "ಮುಂದೇನಾತು?" ಎಂದು ಪಿಸುಗುಟ್ಟಿದಳು. ಅವನು ಓದುತ್ತಿದ್ದದ್ದು ತೆರಿಗೆ ಕಾನೂನು. ಪಾಪ, ಏನು ಹೇಳಬೇಕೆಂದು ತಿಳಿಯದೆ ಹಾಳೆ ತಿರುವಿ ತೋರಿಸಿದ.

ಅಲ್ಲಿಂದ ನಾನು ಕಚೇರಿಗೆ ಹೋಗಿ ವಿಚಾರಿಸಿ ಬರುವಷ್ಟರಲ್ಲಿ ಅತ್ತೆ ಮಾಯವಾಗಿದ್ದಳು. ಹುಡುಕಿದರೆ ಎಂ.ಕಾಂ. ತರಗತಿಯ ಕೊನೆಯ ಬೆಂಚಿನಲ್ಲಿ ಕೂತಿದ್ದಾಳೆ. ಪಾಠ ಮಾಡುತ್ತಿದ್ದ ಮೇಷ್ಟ್ರೂ ಆಗಷ್ಟೇ ಅವಳನ್ನು ಗಮನಿಸಿದ್ದರು.

"ತಾವು ಯಾರಮ್ಮ?"

"ಗಿರಾಕಿ ರೀ," ಎಂದಳು ಅತ್ತೆ ಎದ್ದು ನಿಂತು. "ನಮ್ಮ ಹುಡುಗಿಗೆ ನೋಡಾಕ ಬಂದೀನಿ. ನೀವು ನಡಸ್ರಿ."

ತರಗತಿ ನಕ್ಕಿತು, ಮೇಷ್ಟ್ರೂ ನಕ್ಕು ಪಾಠ ಮುಂದುವರಿಸಿದರು. ನಾನು ಬಾಗಿಲ ಹೊರಗೆ ಕಾದೆ. ಗಂಟೆ ಹೊಡೆದರೂ ಅತ್ತೆ ಬರಲಿಲ್ಲ. ಇಣುಕಿದರೆ ಗೋಡೆಗೆ ತಲೆಯಾನಿಸಿ ಗಾಢ ನಿದ್ದೆಯಲ್ಲಿದ್ದಾಳೆ. ಎಬ್ಬಿಸಿದ್ದಕ್ಕೆ, "ಪಾಠ ಚೊಲೋ ಐತಿ, ಒಂದೀಟು ಸಪ್ಪಳಿಲ್ಲ" ಎಂದಳು.

ಆದರೆ ಅಲ್ಲಿನ ಹಾಸ್ಟೆಲ್ಲು ದೂರದ ಊರಿನವರಿಗೆ ಮಾತ್ರವಂತೆ. ಕಂಪ್ಲಿಯವರು ದಿನಾ ಬಸ್ಸಿನಲ್ಲಿ ಓಡಾಡಬೇಕು. "ಹಂಗಾರ ಸಂಜಿಗೆ ಮನಿಗೆ ಬರ್ತಾಳ," ಎಂದು ಅತ್ತೆ ಮುಖ ಸಣ್ಣ ಮಾಡಿಕೊಂಡಳು. ಸಂಜೆ ಮನೆಗೆ ಬರುವುದರಲ್ಲಿ ಇವಳಿಗೇನು ಬೇಸರ? ನನಗೆ ಅರ್ಥವಾಗಲಿಲ್ಲ.

ಕೊನೆಗೆ ಸಂಡೂರು. ಬಸ್ಸು ಗುಡ್ಡಗಳ ನಡುವೆ ನುಗ್ಗಿದಾಗ ಅತ್ತೆ ಕಿಟಕಿಯಿಂದ ತಲೆ ತೆಗೆಯಲಿಲ್ಲ. ಎದುರಿಗೆ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸಿ ಬಂದರೂ ಅಷ್ಟೇ. ಇಳಿದಾಗ ಅವಳ ಹುಬ್ಬೂ ಕೆಂಪಾಗಿತ್ತು.

ಇಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಯಾವ ಊರಿನವರಿಗೂ ಜಾಗವಿತ್ತು. ಅತ್ತೆ ವಾರ್ಡನ್ನರ ಒಪ್ಪಿಗೆ ಪಡೆದು ಒಳಹೊಕ್ಕಳು. ಮಂಚದ ಮೇಲೆ ಮಲಗಿ ಹೊರಳಿ ನೋಡಿದಳು. ನಲ್ಲಿ ತಿರುಗಿಸಿ ನೀರು ಕುಡಿದಳು. ಆಮೇಲೆ ಬಚ್ಚಲುಮನೆಯ ಚಿಲಕ ಹೇಗಿದೆ ನೋಡುತ್ತೇನೆಂದು ಒಳಗೆ ಹೋಗಿ ಹಾಕಿಕೊಂಡಳು. ಹಾಕಿದ ಚಿಲಕ ತೆಗೆಯಲು ಬರಲಿಲ್ಲ.

ವಾರ್ಡನ್ ಬಡಗಿಗೆ ಹೇಳಿ ಕಳಿಸಿದರು. ಹುಡುಗಿಯರೆಲ್ಲ ಬಾಗಿಲ ಮುಂದೆ ಸೇರಿದರು. ನಾನು ಗಾಬರಿಯಾಗಿ, "ಅತ್ತೀ, ಹೆದರಬ್ಯಾಡ" ಎಂದು ಕೂಗಿದೆ. ಒಳಗಿನಿಂದ ನಿರಾಳವಾದ ದನಿ ಬಂತು:

"ನಾ ಯಾಕ ಹೆದರ್ಲಿ? ಹೊರಗ ಯಾರ್ಯಾರು ಅದೀರವ್ವ? ಯಾವ್ಯಾವ ಊರು?"

ಹುಡುಗಿಯರು ಒಬ್ಬೊಬ್ಬರಾಗಿ ಹೇಳಿದರು. ಕೂಡ್ಲಿಗಿ, ಸಿರುಗುಪ್ಪ, ಹಡಗಲಿ.

"ಊಟಕ್ಕ ಏನ್ ಹಾಕ್ತಾರ?"

"ಜ್ವಾಳದ ರೊಟ್ಟಿ ಚೊಲೋ ಇರ್ತಾವ ಅಜ್ಜಿ. ಸಾರು ನೀರು."

"ಸಾರು ಅಂದ್ರ ನೀರ ಅಲ್ಲೇನು? ಪಾಠ ಮುಗಿದ ಮ್ಯಾಲೆ ಏನ್ ಮಾಡ್ತೀರಿ?"

ಈ ಪ್ರಶ್ನೆಗೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಒಬ್ಬಳು ಖೋಖೋ ಆಡುತ್ತಾಳೆ. ಒಬ್ಬಳು ನಾಟಕದಲ್ಲಿ ರಾಜನ ಪಾತ್ರ ಕಲಿಯುತ್ತಿದ್ದಾಳೆ, ಮೀಸೆ ಅಂಟಿಸಿದರೆ ಸೀನು ಬರುತ್ತದೆ. ಇಬ್ಬರು ಕತ್ತಲಾಗುವವರೆಗೆ ಗ್ರಂಥಾಲಯದಲ್ಲಿರುತ್ತಾರೆ. ಭಾನುವಾರ ಎಲ್ಲರೂ ಗುಡ್ಡ ಹತ್ತುತ್ತಾರೆ. ಮತ್ತೊಬ್ಬಳು ಮೆಲ್ಲಗೆ, "ನಾ ಏನೂ ಮಾಡಂಗಿಲ್ಲಜ್ಜಿ. ಸುಮ್ನ ಕುಂದುರ್ತೀನಿ. ಮನ್ಯಾಗ ಹಂಗ ಕುಂದ್ರಾಕ ಬಿಡಂಗಿಲ್ಲ" ಎಂದಳು.

ಅಷ್ಟರಲ್ಲಿ ಬಡಗಿ ಬಂದು ಬಾಗಿಲು ಬಿಚ್ಚಿದ. ಬೆವೆತು ತೊಪ್ಪೆಯಾಗಿ ಹೊರಬಂದ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ವಾರ್ಡನ್ನರಿಗೆ ಹೇಳಿದಳು: "ಚಿಲಕ ಭಾಳ ಗಟ್ಟಿ ಐತ್ರಿ. ನಮಗ ಒಪ್ಪಿಗಿ."

ಮನೆಗೆ ಬಂದು ಅತ್ತೆ ಸಂಡೂರು ಎಂದಾಗ ಅಪ್ಪ ತಲೆ ಕೆಡಿಸಿಕೊಂಡ. "ಮನಿ ಮುಂದ ಕ್ಯಾಂಪಸ್ಸು ಇಟ್ಕೊಂಡು ಗುಡ್ಡಕ್ಕ್ಯಾಕ ಕಳಸ್ತಿ ಅಕ್ಕಾ?"

"ಕಂಪ್ಲ್ಯಾಗ ಸೇರಿದ್ರ ಪಾಠ ಮುಗಿಸಿ ನಟ್ಟಗ ಬಂದು ಕಡ್ಲಿಹಿಟ್ಟಿನ್ಯಾಗ ಕೈ ಇಡ್ತಾಳ. ಬ್ಯಾಡ ಅಂದ್ರ ಆಕಿ ಕೇಳಾಕಿ ಅಲ್ಲ." ಅತ್ತೆ ಎಲೆಗೆ ಸುಣ್ಣ ಹಚ್ಚಿದಳು. "ಖರೇ ಹೇಳಬೇಕಂದ್ರ, ನಾ ಬ್ಯಾಡ ಅನ್ನಾಕಿನೂ ಅಲ್ಲ. ಅದಕ್ಕ ದೂರ ಇರ್ಲಿ."

ಸಂಡೂರಿಗೆ ಹೋದೆ. ನಾಟಕದಲ್ಲಿ ಸೈನಿಕನಾಗಿ ಒಂದೇ ಒಂದು ಮಾತು ಹೇಳಿದೆ, ಅದನ್ನೂ ತಪ್ಪಾಗಿ. ಮಳೆ ಬಿದ್ದ ಮೇಲೆ ಗುಡ್ಡ ಹಸಿರಾಗುವುದನ್ನು ನೋಡಿದೆ. ಸಂಜೆಗೆ ಇಷ್ಟು ಉದ್ದವಿರುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅಂಥ ಸಂಜೆಗಳಲ್ಲಿ ದಿನವೂ ಅತ್ತೆಗೆ ಫೋನು ಮಾಡುತ್ತಿದ್ದೆ. ಊರಿನವರನ್ನೆಲ್ಲ ಪ್ರಶ್ನೆ ಕೇಳಿ ಗೋಳು ಹೊಯ್ದುಕೊಳ್ಳುವವಳು ನನ್ನೊಡನೆ ಮಾತ್ರ ಎರಡೇ ಮಾತಿಗೆ ಮುಗಿಸುತ್ತಿದ್ದಳು. "ಉಂಡಿಯೇನು? ಇಲ್ಲಿ ಗಿರಾಕಿ ಭಾಳ ಅದಾರ, ಇಡ್ತೀನಿ." ಅಂಗಡಿ ಚೆನ್ನಾಗಿ ನಡೆಯುತ್ತಿದೆಯಲ್ಲ ಎಂದು ಸಮಾಧಾನವಾಗುತ್ತಿತ್ತು. ನಾನಿಲ್ಲದೆಯೂ ನಡೆಯುತ್ತಿದೆಯಲ್ಲ ಎಂದು ಸ್ವಲ್ಪ ಚುಚ್ಚುತ್ತಲೂ ಇತ್ತು.

ದಸರೆ ರಜೆಗೆ ಒಂದು ದಿನ ಮೊದಲೇ, ಹೇಳದೆ ಹೊರಟುಬಂದೆ. ಸಂಜೆ ಕಂಪ್ಲಿಯಲ್ಲಿ ಇಳಿದು ನೋಡಿದರೆ ಅಂಗಡಿಗೆ ತಾಡಪಾಲು ಕಟ್ಟಿತ್ತು. ಪಕ್ಕದ ಹಣ್ಣಿನ ಅಂಗಡಿಯಾಕೆ, "ಮುಂಜಾನಿ ಅಷ್ಟ ತಗಿತಾಳವ್ವ. ನೀ ಹೋದಾಗಿಂದ ಸಂಜಿಗೆ ತಗದ ಇಲ್ಲ. ಒಬ್ಬಾಕಿಗೆ ಆಗಂಗಿಲ್ಲ" ಎಂದಳು.

ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅತ್ತೆ ಗೋಡೆಗೊರಗಿ, ಕಾಲು ಚಾಚಿ, ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅಪ್ಪ ಪಾಳಿಗೆ ಹೋಗಿದ್ದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಹೊರಗೇ ನಿಂತು ಫೋನು ಮಾಡಿದೆ. ಅವಳ ಫೋನು ಪಕ್ಕದಲ್ಲೇ ಇತ್ತು. ಮೊದಲ ಸಪ್ಪಳಕ್ಕೇ ಎತ್ತಿಕೊಂಡಳು.

"ಉಂಡಿಯೇನವ್ವ?" ಎಂದಳು. ಆಮೇಲೆ ದನಿ ಎತ್ತರಿಸಿ, "ಏನ್ ಜನ ಅಂತಿ, ನಿಂದ್ರಾಕ ಜಾಗಿಲ್ಲ. ಮಿರ್ಚಿ ಹಾಕಾಕತ್ತೀನಿ, ಇಡ್ತೀನಿ."

ಫೋನು ಇಟ್ಟಳು. ಇಟ್ಟ ಮೇಲೂ ಅದರ ಮೇಲೆ ಕೈ ಹಾಗೇ ಇತ್ತು.

ನಾನು ಒಳಗೆ ಹೋಗಿ ಅವಳ ಎದುರು ಕೂತೆ. "ನನಗೂ ಎರಡು ಮಿರ್ಚಿ ಹಾಕು ಅತ್ತೀ" ಎಂದೆ.

ಅತ್ತೆ ನನ್ನನ್ನು ನೋಡಿದಳು. ಯಾವಾಗ ಬಂದೆ, ಯಾವ ಬಸ್ಸಿಗೆ ಬಂದೆ, ಒಂದನ್ನೂ ಕೇಳಲಿಲ್ಲ. ಬಗ್ಗಿ, ಮೊರದಲ್ಲಿ ಸುಲಿದಿಟ್ಟಿದ್ದ ಶೇಂಗಾವನ್ನೆಲ್ಲ ಎರಡೂ ಕೈಯಿಂದ ಬಾಚಿ ನನ್ನ ಉಡಿಗೆ ಸುರಿದಳು.